‘ಸೈನಿಕನನ್ನೇ ಬಿಡಲಿಲ್ಲ’ ಎನ್ನುವವರ ಜೊತೆ ಒಂದು ಜಗಳ

ಭಗತ್ ಸಿಂಗ್ ಥಿಂಡ್ ಹೆಸರು ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ಮಾತು ಬರುತ್ತದೆ. ಲಾಹೋರಿನಲ್ಲಿ ನೇಣಿಗೇರಿದ ಭಗತ್ ಸಿಂಗ್ ಅಲ್ಲ, ಇವನು ಬೇರೆ. 1892ರಲ್ಲಿ ಅಮೃತಸರ ಜಿಲ್ಲೆಯಲ್ಲಿ ಹುಟ್ಟಿ, 1913ರಲ್ಲಿ ಅಮೆರಿಕಕ್ಕೆ ಹೋಗಿ, ಆರೆಗನ್ ರಾಜ್ಯದ ಮರ ಕೊಯ್ಯುವ ಮಿಲ್ಲುಗಳಲ್ಲಿ ದುಡಿದು, ಮೊದಲ ಮಹಾಯುದ್ಧದ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ಸೇನೆ ಸೇರಿದ ಸಿಖ್ ಯುವಕ. ಪೇಟ ಕಟ್ಟಿಕೊಂಡೇ ಅಮೆರಿಕದ ಸಮವಸ್ತ್ರ ತೊಟ್ಟವನು. 1923ರ ಫೆಬ್ರವರಿ 19ರಂದು ಆ ದೇಶದ ಸುಪ್ರೀಂ ಕೋರ್ಟು, ಇವನು ಬಿಳಿಯನಲ್ಲ, ಆದ್ದರಿಂದ ಪೌರನಾಗಲಾರ ಎಂದು ತೀರ್ಪು ಕೊಟ್ಟಿತು. ಈ ಕತೆಯನ್ನು ಕೇಳಿದವರು ಲೊಚಗುಟ್ಟುತ್ತ ಹೇಳುವ ಮಾತು: ‘ನೋಡಿ, ಸೈನಿಕನನ್ನೇ ಬಿಡಲಿಲ್ಲವಲ್ಲ!’

ನಮ್ಮ ವಿಭಾಗದ ವಿಚಾರ ಸಂಕಿರಣವೊಂದರಲ್ಲಿ ಹಿರಿಯರೊಬ್ಬರು ಇದನ್ನು ಹೇಳಿದಾಗ ಸಭೆಯಲ್ಲಿದ್ದವರೆಲ್ಲ ತಲೆದೂಗಿದರು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ನನ್ನ ತಕರಾರು ಆ ಮಾತಿನ ಮರುಕದ ಮೇಲಲ್ಲ, ಅದರೊಳಗಿನ ‘ಏ’ಕಾರದ ಮೇಲೆ. ‘ಸೈನಿಕನನ್ನು ಬಿಡಲಿಲ್ಲ’ ಎಂದರೆ ಒಂದು ಸಂಗತಿ. ‘ಸೈನಿಕನನ್ನೇ’ ಎಂದರೆ ಅದರ ಹಿಂದೆ ಒಂದು ದೊಡ್ಡ ಸಾಲು ನಿಂತಿರುತ್ತದೆ. ಮಿಲ್ಲಿನ ಕೂಲಿ, ರೈಲುಹಳಿ ಹಾಕುವವನು, ಹೊಲದಲ್ಲಿ ಬಗ್ಗಿ ತರಕಾರಿ ಕೀಳುವವನು, ಅಂಗಡಿಯವನು. ಇವರನ್ನೆಲ್ಲ ಹೊರಗೆ ತಳ್ಳಿದ್ದು ಅಷ್ಟೇನೂ ಆಶ್ಚರ್ಯವಲ್ಲ, ಆದರೆ ಬಂದೂಕು ಹಿಡಿದವನನ್ನೇ ತಳ್ಳಿದರಲ್ಲ ಎಂಬ ಅರ್ಥ ಆ ಒಂದು ಅಕ್ಷರದಲ್ಲಿ ಅಡಗಿದೆ. ಪೌರತ್ವ ಎನ್ನುವುದು ರಕ್ತದ ಬೆಲೆಗೆ ಸಿಗುವ ಸರಕು, ಬೆಲೆ ಕೊಟ್ಟ ಮೇಲೂ ಸರಕು ಕೊಡದಿದ್ದದ್ದು ಮೋಸ, ಇಷ್ಟೇ ಅಲ್ಲವೆ ಆ ಮಾತಿನ ನ್ಯಾಯ? ವ್ಯಾಪಾರವೇ ತಪ್ಪು ಎಂದು ಅದು ಹೇಳುವುದಿಲ್ಲ.

ಬೆಲೆ ಕೊಟ್ಟವರಿಗೆ ಸರಕು ಸಿಗುತ್ತದೆ ಎಂಬುದಾದರೂ ನಿಜವೇ? ಅದನ್ನು ಪರೀಕ್ಷಿಸಲು ಅಮೆರಿಕದ ಸೇನೆ ಸೇರಿದ ಇನ್ನೊಬ್ಬ ವಲಸಿಗನನ್ನು ಪಕ್ಕಕ್ಕೆ ನಿಲ್ಲಿಸಿ ನೋಡಬೇಕು. ಇವನ ಕತೆ ನಮ್ಮ ಹುಡುಗರಿಗೆ ಥಿಂಡ್‌ಗಿಂತ ಹೆಚ್ಚು ಗೊತ್ತು. ‘ಮೂರು ಸೇನೆಗಳ ವೀರ’ ಎಂಬ ತಲೆಬರಹದ ವಿಡಿಯೊಗಳು ನಮ್ಮ ಹಾಸ್ಟೆಲಿನ ವಾಟ್ಸ್ಯಾಪ್ ಗುಂಪಿನಲ್ಲೂ ಓಡಾಡಿವೆ. ಸ್ವೀಡನ್ನಿನ ಹೆವಿ ಮೆಟಲ್ ತಂಡವೊಂದು ಅವನ ಮೇಲೆ ಹಾಡನ್ನೂ ಕಟ್ಟಿದೆ.

ಹೆಸರು ಲೌರಿ ಟೋರ್ನಿ. 1919ರ ಮೇ 28ರಂದು ಫಿನ್‌ಲ್ಯಾಂಡಿನ ವೀಪುರಿಯಲ್ಲಿ ಹುಟ್ಟಿದವನು. ಆ ಊರು ಇವತ್ತು ರಷ್ಯಾದಲ್ಲಿದೆ. ಯುದ್ಧದಲ್ಲಿ ಅವನು ಕಳೆದುಕೊಂಡದ್ದು ಏನೆಂದು ಕೇಳುವವರಿಗೆ ಈ ಒಂದು ವಾಕ್ಯ ಸಾಕು, ಅದನ್ನು ನಾನು ಹಗುರ ಮಾಡುವುದಿಲ್ಲ. 1939ರಲ್ಲಿ ಸೋವಿಯತ್ ಒಕ್ಕೂಟ ಫಿನ್‌ಲ್ಯಾಂಡಿನ ಮೇಲೆ ಎರಗಿದಾಗ ಅವನು ಹೋರಾಡಿದ. 1941ರಲ್ಲಿ ಕೆಲವು ವಾರ ಜರ್ಮನರ ವಾಫೆನ್ ಎಸ್ಎಸ್ ಪಡೆಯಲ್ಲಿ ತರಬೇತಿ ಪಡೆದು ಊರಿಗೆ ಮರಳಿದ. ಆಮೇಲಿನ ಯುದ್ಧದಲ್ಲಿ ಶತ್ರುವಿನ ಗಡಿಯ ಹಿಂದೆ ನುಗ್ಗಿ ಹೊಡೆಯುವ ತುಕಡಿಯೊಂದು ಅವನ ಹೆಸರಿನಲ್ಲೇ ನಡೆಯಿತು. ಮುಂದೆ ಫಿನ್‌ಲ್ಯಾಂಡಿನ ಅಧ್ಯಕ್ಷನಾದ ಮೌನೊ ಕೊಯ್ವಿಸ್ಟೊ ಆ ತುಕಡಿಯಲ್ಲಿ ಸಿಪಾಯಿಯಾಗಿದ್ದ. 1944ರಲ್ಲಿ ದೇಶದ ಅತಿ ದೊಡ್ಡ ಶೌರ್ಯ ಪ್ರಶಸ್ತಿಯಾದ ಮ್ಯಾನರ್‌ಹೈಮ್ ಶಿಲುಬೆ ಬಂತು. ಇಲ್ಲಿಯವರೆಗೆ ಅವನ ದೇಶದವರು ಅವನ ಪಟ ಗೋಡೆಗೆ ಹಾಕಿಕೊಂಡರೆ ನನ್ನದೇನೂ ತಂಟೆಯಿಲ್ಲ.

ವಿಡಿಯೊಗಳು ಗಡಿಬಿಡಿಯಲ್ಲಿ ದಾಟಿಸುವುದು ಆಮೇಲಿನದನ್ನು. 1944ರ ಸೆಪ್ಟೆಂಬರಿನಲ್ಲಿ ಫಿನ್‌ಲ್ಯಾಂಡ್ ಸೋವಿಯತ್ತಿನ ಜೊತೆ ಕದನವಿರಾಮ ಮಾಡಿಕೊಂಡಿತು. ಆ ಒಪ್ಪಂದದ ಷರತ್ತಿನಂತೆ ತನ್ನ ನೆಲದಲ್ಲಿದ್ದ ಜರ್ಮನ್ ಸೇನೆಯನ್ನು ಹೊರಗಟ್ಟಲು ಯುದ್ಧಕ್ಕಿಳಿಯಿತು. ಉತ್ತರದ ಲ್ಯಾಪ್‌ಲ್ಯಾಂಡಿನಲ್ಲಿ ಫಿನ್ನಿಷ್ ಹುಡುಗರು ಜರ್ಮನ್ ಗುಂಡಿಗೆ ಸಾಯುತ್ತಿದ್ದ ಹೊತ್ತಿನಲ್ಲಿ, 1945ರ ಜನವರಿಯಲ್ಲಿ, ಟೋರ್ನಿ ಗುಟ್ಟಾಗಿ ಜರ್ಮನಿಗೆ ಹೋಗಿ ವಿಧ್ವಂಸಕ ಕೆಲಸದ ತರಬೇತಿ ಪಡೆದ. ದೇಶ ಸೋವಿಯತ್ ಕೈಗೆ ಬಿದ್ದರೆ ಒಳಗಿನಿಂದ ಹೋರಾಡಬೇಕೆಂಬುದು ಅವನನ್ನು ಕಳಿಸಿದವರ ಲೆಕ್ಕಾಚಾರ. ಕೊನೆಗೆ ಜರ್ಮನರ ಪರವಾಗಿ ಹೋರಾಡಿ ಬ್ರಿಟಿಷರಿಗೆ ಸೆರೆಸಿಕ್ಕ, ತಪ್ಪಿಸಿಕೊಂಡು ಊರಿಗೆ ಬಂದ. ಅವನ ದೇಶದ ನ್ಯಾಯಾಲಯ 1947ರಲ್ಲಿ ದೇಶದ್ರೋಹಕ್ಕಾಗಿ ಆರು ವರ್ಷ ಶಿಕ್ಷೆ ಕೊಟ್ಟಿತು. 1948ರ ಡಿಸೆಂಬರಿನಲ್ಲಿ ಅಧ್ಯಕ್ಷ ಪಾಸಿಕಿವಿ ಕ್ಷಮಾದಾನ ಕೊಟ್ಟ.

1950ರಲ್ಲಿ ಅವನು ಅಮೆರಿಕ ಸೇರಿದ ಬಗೆಯನ್ನು ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ‘ಅಕ್ರಮ ನುಸುಳುಕೋರ’ನ ಬಗೆ. ಸ್ವೀಡನ್ನಿನ ಸರಕು ಹಡಗಿನಲ್ಲಿ ಕೆಲಸಗಾರನಾಗಿ ಬಂದವನು ಅಲಬಾಮಾದ ಮೊಬೀಲ್ ಬಂದರಿನ ಹತ್ತಿರ ನೀರಿಗೆ ಹಾರಿ ದಡ ಸೇರಿದ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಫಿನ್ನಿಷ್ ಜನರ ನಡುವೆ ಸೇರಿಕೊಂಡು ಬಡಗಿಯಾಗಿ, ಕಸ ಗುಡಿಸುವವನಾಗಿ ದುಡಿದ. ಮೂರು ವರ್ಷ. ಮುಂದಿನ ವಾದಕ್ಕೆ ಈ ಮೂರು ವರ್ಷ ಬೇಕಾಗುತ್ತದೆ, ನೆನಪಿಡಿ.

1953ರಲ್ಲಿ ಅವನೊಬ್ಬನಿಗಾಗಿ ಅಮೆರಿಕದ ಸಂಸತ್ತು ಒಂದು ಕಾಯ್ದೆ ಮಾಡಿ ವಾಸದ ಹಕ್ಕು ಕೊಟ್ಟಿತು. ಅದಕ್ಕಾಗಿ ಓಡಾಡಿದ್ದು ವಿಲಿಯಂ ಡೊನೊವನ್‌ನ ವಕೀಲಿ ಸಂಸ್ಥೆ. ಡೊನೊವನ್ ಯಾರೆಂದರೆ ಯುದ್ಧಕಾಲದ ಅಮೆರಿಕನ್ ಗೂಢಚಾರ ಸಂಸ್ಥೆಯ ಮುಖ್ಯಸ್ಥ. ಬಡಗಿಯೊಬ್ಬನಿಗೆ ಇಂಥ ವಕೀಲರು ಸುಮ್ಮನೆ ಸಿಗುವುದಿಲ್ಲ. ಸೋವಿಯತ್ ನೆಲದೊಳಗೆ ನುಗ್ಗಿ ಗೆರಿಲ್ಲಾ ಕಾಳಗ ಮಾಡಬಲ್ಲವರು ಅಮೆರಿಕಕ್ಕೆ ಬೇಕಾಗಿದ್ದ ಕಾಲ ಅದು. 1950ರ ಲಾಡ್ಜ್ ಕಾಯ್ದೆ ಪರದೇಶಿಗಳನ್ನು ಸೇನೆಗೆ ಸೇರಿಸಿಕೊಂಡು ಐದು ವರ್ಷದ ಸೇವೆಗೆ ಪೌರತ್ವದ ದಾರಿ ತೋರಿಸುತ್ತಿತ್ತು. ಮೊದಲು 2,500 ಜನ ಎಂದಿದ್ದ ಮಿತಿಯನ್ನು 12,500ಕ್ಕೆ ಏರಿಸಿದರು. ಟೋರ್ನಿ 1954ರ ಜನವರಿಯಲ್ಲಿ, 34ನೆಯ ವಯಸ್ಸಿನಲ್ಲಿ, ಸಾಮಾನ್ಯ ಸಿಪಾಯಿಯಾಗಿ ಸೇರಿ ಲ್ಯಾರಿ ಥಾರ್ನ್ ಆದ. ಫಿನ್‌ಲ್ಯಾಂಡಿನಲ್ಲಿ ಕ್ಯಾಪ್ಟನ್ ಆಗಿದ್ದವನು ಇಲ್ಲಿ ಮತ್ತೆ ಕೆಳಗಿನ ಮೆಟ್ಟಿಲಿನಿಂದ ಹತ್ತಬೇಕಾಯಿತು, ಹತ್ತಿದ. ವಿಶೇಷ ಪಡೆಗೆ ಸೇರಿ ಹಿಮದಲ್ಲಿ, ಬೆಟ್ಟದಲ್ಲಿ ಬದುಕುವುದನ್ನು, ಗೆರಿಲ್ಲಾ ತಂತ್ರವನ್ನು ಇತರರಿಗೆ ಕಲಿಸಿದ. 1957ರಲ್ಲಿ ಪೌರನಾದ. ಆಮೇಲೆ ಪಶ್ಚಿಮ ಜರ್ಮನಿಯಲ್ಲಿ ಕೆಲಸ. 1962ರಲ್ಲಿ ಇರಾನಿನ ಜಾಗ್ರೋಸ್ ಬೆಟ್ಟಸಾಲಿನಲ್ಲಿ ಬಿದ್ದ ಅಮೆರಿಕನ್ ವಿಮಾನದಿಂದ ಶವಗಳನ್ನೂ ಗುಪ್ತ ಸಾಮಗ್ರಿಯನ್ನೂ ತೆಗೆದು ತಂದ ಕಠಿಣ ಕಾರ್ಯಾಚರಣೆ. 1963ರ ಕೊನೆಯಲ್ಲಿ ವಿಯೆಟ್ನಾಂ. ಅಲ್ಲಿಗೆ ಎರಡನೆಯ ಸಲ ಹೋದಾಗ, 1965ರ ಅಕ್ಟೋಬರ್ 18ರಂದು, ಗುಪ್ತ ಕಾರ್ಯಾಚರಣೆಯೊಂದರಲ್ಲಿ ಅವನಿದ್ದ ಹೆಲಿಕಾಪ್ಟರ್ ಕಾಡಿನಲ್ಲಿ ಕಣ್ಮರೆಯಾಯಿತು. ಅವಶೇಷಗಳು ಸಿಕ್ಕಿದ್ದು 1999ರಲ್ಲಿ. 2003ರಲ್ಲಿ, ಅವನ ಜೊತೆ ಸತ್ತ ದಕ್ಷಿಣ ವಿಯೆಟ್ನಾಂ ಸೈನಿಕರ ಅವಶೇಷಗಳೊಂದಿಗೆ, ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸೇನಾ ಗೌರವದೊಂದಿಗೆ ಹೂಳಿದರು.

ಅವನ ಧೈರ್ಯದ ಬಗ್ಗೆ ನನಗೆ ಅನುಮಾನವಿಲ್ಲ. ನಾನು ಕೇಳುವುದು ಇಷ್ಟೇ. ಇವನಿಗೆ ಸಮವಸ್ತ್ರ ಪೌರತ್ವ ಕೊಡಿಸಿತೆ, ಅಥವಾ ಅಮೆರಿಕಕ್ಕೆ ಇವನು ಬೇಕಾಗಿದ್ದರಿಂದ ಸಮವಸ್ತ್ರವೂ ಪೌರತ್ವವೂ ಒಟ್ಟಿಗೆ ಬಂದವೆ? ವಾಸದ ಹಕ್ಕಿನ ಕಾಯ್ದೆ ಬಂದದ್ದು 1953ರಲ್ಲಿ, ಸೇನೆ ಸೇರಿದ್ದು 1954ರಲ್ಲಿ. ಅವನು ಅಮೆರಿಕಕ್ಕಾಗಿ ಒಂದು ಗುಂಡು ಹಾರಿಸುವ ಮೊದಲೇ ಬಾಗಿಲು ತೆರೆದಿತ್ತು. ಎಸ್ಎಸ್ ತರಬೇತಿ, ಸ್ವಂತ ದೇಶದ ದ್ರೋಹದ ತೀರ್ಪು, ಅನುಮತಿಯಿಲ್ಲದ ಪ್ರವೇಶ, ಇವುಗಳಲ್ಲಿ ಒಂದೂ ಅಡ್ಡ ಬರಲಿಲ್ಲ. ಬರಲಿಲ್ಲ ಎನ್ನುವುದಕ್ಕಿಂತ, ಮೊದಲೆರಡು ಅವನ ಅರ್ಹತಾ ಪತ್ರದ ಭಾಗವೇ ಆಗಿದ್ದವು ಎನ್ನಬೇಕು. ಸೋವಿಯತ್ತಿನ ವಿರುದ್ಧ ಯಾವ ಹಂತಕ್ಕಾದರೂ ಹೋಗಬಲ್ಲವನು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ಇನ್ನೇನಿತ್ತು?

ಈಗ ಥಿಂಡ್ ಕಡೆಗೆ ಬನ್ನಿ. 1918ರ ಜುಲೈನಲ್ಲಿ ಸೇನೆ ಸೇರಿದ. ವಾಷಿಂಗ್ಟನ್ ರಾಜ್ಯದ ಕ್ಯಾಂಪ್ ಲೂಯಿಸ್‌ನಲ್ಲಿದ್ದ. ನವೆಂಬರಿನಲ್ಲಿ ಹಂಗಾಮಿ ಸಾರ್ಜೆಂಟ್. ಡಿಸೆಂಬರ್ 9ರಂದು ಸಮವಸ್ತ್ರದಲ್ಲೇ ಪೌರತ್ವ ಪಡೆದ. ನಾಲ್ಕೇ ದಿನದಲ್ಲಿ ಅದನ್ನು ರದ್ದು ಮಾಡಿದರು. ಡಿಸೆಂಬರ್ 16ರಂದು ಗೌರವದ ಬಿಡುಗಡೆ ಸಿಕ್ಕಿತು, ಅವನ ನಡತೆ ಅತ್ಯುತ್ತಮ ಎಂದು ಅದರಲ್ಲಿ ಬರೆದಿತ್ತು. ಆರೆಗನ್ ನ್ಯಾಯಾಲಯದಲ್ಲಿ ಮತ್ತೆ ಅರ್ಜಿ ಹಾಕಿದಾಗ ಪೌರತ್ವ ಇಲಾಖೆ ತೆಗೆದ ಆಕ್ಷೇಪಗಳಲ್ಲಿ ಗದರ್ ಚಳವಳಿಯ ನಂಟೂ ಒಂದು. ಭಾರತ ಭಾರತೀಯರಿಗೆ ಸೇರಬೇಕು ಎಂದು ನಂಬುತ್ತೇನೆ ಎಂದು ಅವನು ಒಪ್ಪಿಕೊಂಡ, ಹಿಂಸೆಯ ಆರೋಪವನ್ನು ಅಲ್ಲಗಳೆದ. ನ್ಯಾಯಾಧೀಶ ಅವನನ್ನು ನಂಬಿ 1920ರಲ್ಲಿ ಪೌರತ್ವ ಕೊಟ್ಟ. ಸರ್ಕಾರ ಬಿಡಲಿಲ್ಲ, ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು.

ತನ್ನ ದೇಶಕ್ಕೆ ಸ್ವಾತಂತ್ರ್ಯ ಬೇಕು ಎಂದದ್ದು ಒಬ್ಬನಿಗೆ ಕಳಂಕವಾಯಿತು. ತನ್ನ ದೇಶದ ವಿರುದ್ಧ ಯುದ್ಧದಲ್ಲಿದ್ದ ಸೇನೆಯನ್ನು ಸೇರಿದ್ದು ಇನ್ನೊಬ್ಬನಿಗೆ ಕಳಂಕವಾಗಲಿಲ್ಲ. ಇಬ್ಬರೂ ತೊಟ್ಟದ್ದು ಒಂದೇ ಸೇನೆಯ ಬಟ್ಟೆ. ಟೋರ್ನಿ 11 ವರ್ಷ ದುಡಿದು ಯುದ್ಧದಲ್ಲಿ ಸತ್ತ, ಥಿಂಡ್ ಆರು ತಿಂಗಳೂ ಇರಲಿಲ್ಲ, ಹೋಲಿಕೆ ಸರಿಯಲ್ಲ ಎನ್ನುವವರಿದ್ದಾರೆ. ಹಾಗಾದರೆ ಹಿದೆಮಿತ್ಸು ಟೊಯೋಟಾನನ್ನು ನೋಡಿ. ಜಪಾನಿನಲ್ಲಿ ಹುಟ್ಟಿ ಅಮೆರಿಕದ ಕರಾವಳಿ ರಕ್ಷಣಾ ಪಡೆಯಲ್ಲಿ ಸುಮಾರು ಹತ್ತು ವರ್ಷ ದುಡಿದವನು. ಅವನಿಗೆ ಸಿಕ್ಕಿದ್ದ ಪೌರತ್ವವನ್ನೂ 1925ರಲ್ಲಿ ಅದೇ ಸುಪ್ರೀಂ ಕೋರ್ಟು ಕಿತ್ತುಕೊಂಡಿತು. ವರ್ಷಗಳ ಲೆಕ್ಕ ಅಲ್ಲಿ ನಡೆಯಲಿಲ್ಲ.

ಇನ್ನು ನಾವು, ಭಾರತದಲ್ಲಿ ಕೂತು ಥಿಂಡ್‌ಗಾಗಿ ಮರುಗುವವರು, ನುಂಗಿಬಿಡುವ ಭಾಗ. ಸುಪ್ರೀಂ ಕೋರ್ಟಿನಲ್ಲಿ ಅವನ ಪರ ವಾದದ ಹುರುಳು ಏನಾಗಿತ್ತು? ‘ನಾನು ಸೈನಿಕ’ ಎಂಬುದಲ್ಲ. ‘ಬಣ್ಣದ ಕಾನೂನು ಅನ್ಯಾಯ’ ಎಂಬುದಂತೂ ಅಲ್ಲವೇ ಅಲ್ಲ. ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯರ ಕುಲದವನೇ ಎಂಬುದು. ಸಿಖ್ಖನೊಬ್ಬ ನ್ಯಾಯಾಲಯದ ಕಾಗದದಲ್ಲಿ ಮೇಲ್ಜಾತಿಯ ಹಿಂದೂ ಆದ. ಬಿಳಿಯ ಅಮೆರಿಕನ್ನರು ಮದುವೆಯ ವಿಚಾರದಲ್ಲಿ ಕಪ್ಪು ಜನರನ್ನು ಹೇಗೆ ದೂರ ಇಡುತ್ತಾರೋ, ಮೇಲ್ಜಾತಿಯವರು ಈ ನೆಲದ ಮೂಲನಿವಾಸಿಗಳನ್ನು ಹಾಗೇ ದೂರ ಇಡುತ್ತಾರೆ ಎಂದು ಅವನ ವಕೀಲರು ಹೆಮ್ಮೆಯ ಸಾಕ್ಷಿಯಂತೆ ಮಂಡಿಸಿದರು. ಅಸ್ಪೃಶ್ಯತೆಯನ್ನು ಇನ್ನೊಂದು ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಅರ್ಹತಾ ಪತ್ರವಾಗಿ ತೋರಿಸಿದ ಗಳಿಗೆ ಅದು. ಜಾತಿಯ ಮೇಲೆ ಇಷ್ಟೆಲ್ಲ ಬರೆದಿರುವ ಕನ್ನಡದಲ್ಲಿ ಇದರ ಪ್ರಸ್ತಾಪ ಇಲ್ಲದೆ ಥಿಂಡ್ ಕತೆ ಹೇಳುವುದು ನನಗೆ ಸಹಿಸುವುದಿಲ್ಲ. ಆರ್ಯ ಕುಲ ಎನ್ನುವುದು ಪಂಡಿತರ ಮಾತು, ಸಾಮಾನ್ಯ ಬಿಳಿಯನ ಕಣ್ಣಿಗೆ ನೀನು ಬಿಳಿಯನಲ್ಲ ಎಂದು ಕೋರ್ಟು ಬಾಗಿಲು ಹಾಕಿತು. ಒಮ್ಮತದ ತೀರ್ಪು ಬರೆದ ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್ ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿ ಮಗುವಾಗಿದ್ದಾಗ ಅಮೆರಿಕಕ್ಕೆ ಬಂದವನು!

ನಾನು ಕೆಲಸ ಮಾಡುತ್ತಿರುವುದು ವೀರಗಲ್ಲುಗಳ ಮೇಲೆ. ಹಾಗಾಗಿ ಈ ಇಬ್ಬರ ಕತೆಯನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಹಳೆಯ ಎರಡು ಪದಗಳು. ಒಂದು ಜೋಳವಾಳಿ, ಉಂಡ ಜೋಳದ ಋಣ. ಯಾರ ಅನ್ನ ತಿಂದೆಯೋ ಅವರಿಗಾಗಿ ಹೋರಾಡುವುದು. ಇನ್ನೊಂದು ನೆತ್ತರುಗೊಡಗೆ. ಸತ್ತ ವೀರನ ಮನೆಯವರಿಗೆ ಒಡೆಯ ಕೊಡುವ ಹೊಲ, ಗದ್ದೆ. ರಕ್ತಕ್ಕೆ ಕೊಟ್ಟ ಬೆಲೆ ಎಂದು ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ. ಮದ್ದೂರು ತಾಲ್ಲೂಕಿನ ಆತಕೂರಿನ 10ನೆಯ ಶತಮಾನದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೆರನಿಗೆ ಗಂಗರ ಬೂತುಗ ಬಾಳ್ಗಚ್ಚಾಗಿ ಊರುಗಳನ್ನು ಕೊಟ್ಟದ್ದು ಅದರಲ್ಲಿದೆ. ಮಣಲೆರ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯ ಜೊತೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿದರು. ಓದುವಾಗ ನಗು ಬರುತ್ತದೆ, ಕಣ್ಣೂ ತುಂಬುತ್ತದೆ. ಅಲ್ಲಿ ಯಾರು ಯಾರಿಗಾಗಿ ಹೋರಾಡಿದರು, ಏನು ಸಿಕ್ಕಿತು ಎಂಬುದು ಬಿಚ್ಚಿಟ್ಟ ಲೆಕ್ಕ. ಒಡೆಯ ಮತ್ತು ಬಂಟನ ನಡುವಿನ ಋಣ ಅದು. ಅದಕ್ಕೆ ದೇಶಪ್ರೇಮದ ಬಣ್ಣ ಬಳಿದಿರುವವರು ನಾವು.

ಆ ಲೋಕ ನ್ಯಾಯದ ಲೋಕವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಕಲ್ಲು ಸಿಕ್ಕಿದ್ದು ಕತ್ತಿ ಹಿಡಿದವನಿಗೆ. ಅವನು ತಿಂದ ಜೋಳವನ್ನು ಬೆಳೆದವನಿಗೆ ಕಲ್ಲಿಲ್ಲ, ಆ ಮನುಷ್ಯನ ಹೆಸರು ಹುಡುಕಿಕೊಂಡು ನಾನು ಊರೂರು ಅಲೆದದ್ದಷ್ಟೇ ಲಾಭ. ಹಾಗಿದ್ದೂ ಅರಸ ತನ್ನ ಕೊಡುಗೆಯನ್ನು ಕೊಡುಗೆ ಎಂದೇ ಕರೆದ. ಇವತ್ತಿನ ಪ್ರಜಾಪ್ರಭುತ್ವಗಳು ಪೌರತ್ವವನ್ನು ಹಕ್ಕು ಎಂದು ಕರೆಯುತ್ತವೆ, ಹಂಚುವಾಗ ಮಾತ್ರ ನೆತ್ತರುಗೊಡಗೆಯ ಹಾಗೆ ಹಂಚುತ್ತವೆ. ಹಕ್ಕಾಗಿದ್ದರೆ ರಕ್ತ ಕೇಳಬಾರದು. ರಕ್ತ ಕೇಳಿದ ಮೇಲೆ ಕಸಿದುಕೊಳ್ಳಲಂತೂ ಬಾರದು. ಥಿಂಡ್ ವಿಷಯದಲ್ಲಿ ಎರಡನ್ನೂ ಮಾಡಿದರು.

ಇದೆಲ್ಲ ನೂರು ವರ್ಷದ ಹಿಂದಿನದು ಎನ್ನುವ ಹಾಗಿಲ್ಲ. 2009ರಲ್ಲಿ ಅಮೆರಿಕದ ಸೇನೆ ಒಂದು ಯೋಜನೆ ಶುರು ಮಾಡಿತು. ವಿದ್ಯಾರ್ಥಿ ವೀಸಾದಂಥ ತಾತ್ಕಾಲಿಕ ಪರವಾನಗಿಯಲ್ಲಿದ್ದ ಪರದೇಶಿಗಳು, ಸೇನೆಗೆ ಬೇಕಾದ ಭಾಷೆಯೋ ವೈದ್ಯಕೀಯ ಪರಿಣತಿಯೋ ಇದ್ದರೆ, ಸೇನೆ ಸೇರಿ ಬೇಗ ಪೌರರಾಗಬಹುದಿತ್ತು. ಹಿಂದಿ, ಪಂಜಾಬಿ, ತಮಿಳು, ಮಲಯಾಳಂ ಆ ಭಾಷೆಗಳ ಪಟ್ಟಿಯಲ್ಲಿದ್ದವು. ಹತ್ತು ಸಾವಿರಕ್ಕೂ ಹೆಚ್ಚು ಜನ ಹೀಗೆ ಸೇರಿದರು. 2016ರಲ್ಲಿ ಯೋಜನೆ ನಿಂತಿತು. ಕರಾರಿಗೆ ಸಹಿ ಹಾಕಿದ್ದವರು ಭದ್ರತಾ ತಪಾಸಣೆಯ ಹೆಸರಿನಲ್ಲಿ ವರ್ಷಗಟ್ಟಲೆ ಕಾದರು. ಕಾಯುವಾಗಲೇ ಎಷ್ಟೋ ಜನರ ವೀಸಾ ಮುಗಿಯಿತು. ಕೆಲವರನ್ನು ಸೇನೆಯಿಂದ ಕಳಿಸಿಯೂ ಬಿಟ್ಟರು, ಹಲವರು ಕೋರ್ಟಿಗೆ ಹೋಗಬೇಕಾಯಿತು.

ಮೆಕ್ಸಿಕೊದ ಗಡಿ ಊರಾದ ಟಿಹುವಾನಾದಲ್ಲಿ ಗಡೀಪಾರಾದ ಅಮೆರಿಕನ್ ಮಾಜಿ ಸೈನಿಕರಿಗೆಂದೇ ಒಂದು ಆಸರೆಮನೆ ನಡೆದಿದೆ. ಅಮೆರಿಕದ ಸೇನೆಯಲ್ಲಿ ದುಡಿದು, ಪೌರತ್ವದ ಕಾಗದ ಮಾಡಿಸಿಕೊಳ್ಳದೆ ಉಳಿದು, ಆಮೇಲೆ ಯಾವುದೋ ಅಪರಾಧದಲ್ಲಿ ಶಿಕ್ಷೆಯಾಗಿ ಹೊರಗೆ ಹಾಕಿಸಿಕೊಂಡವರು. ಇವರಲ್ಲಿ ಗೌರವದ ಬಿಡುಗಡೆ ಪಡೆದವರು ಸತ್ತರೆ ಅಮೆರಿಕದ ರಾಷ್ಟ್ರೀಯ ಸ್ಮಶಾನದಲ್ಲಿ, ಸೇನಾ ಗೌರವದೊಂದಿಗೆ, ಹೂಳಿಸಿಕೊಳ್ಳುವ ಹಕ್ಕು ಉಳಿದಿರುತ್ತದೆ. ಉಸಿರಾಡುತ್ತ ಗಡಿ ದಾಟುವಂತಿಲ್ಲ, ಪೆಟ್ಟಿಗೆಯಲ್ಲಿ ದಾಟಬಹುದು. ನೆತ್ತರುಗೊಡಗೆ ಕೊಟ್ಟ ನಮ್ಮ ಅರಸರಿಗೂ ಈ ಉಪಾಯ ಹೊಳೆದಿರಲಾರದು.

ನಮ್ಮಲ್ಲೇ ಅಸ್ಸಾಮಿನಲ್ಲಿ 2019ರ ಮೇ ತಿಂಗಳಲ್ಲಿ, 30 ವರ್ಷ ಭಾರತೀಯ ಸೇನೆಯಲ್ಲಿ ದುಡಿದು ನಿವೃತ್ತರಾದವರೊಬ್ಬರನ್ನು ವಿದೇಶಿಯರ ನ್ಯಾಯಮಂಡಳಿ ‘ವಿದೇಶಿ’ ಎಂದು ಘೋಷಿಸಿತು. ಅವರನ್ನು ಬಂಧನ ಕೇಂದ್ರಕ್ಕೆ ಹಾಕಿದರು. ಅವರು ವಲಸಿಗರಲ್ಲ, ತಮ್ಮ ನೆಲದಲ್ಲೇ ವಲಸಿಗನೆಂದು ಕರೆಸಿಕೊಂಡವರು. ದೇಶದ ತುಂಬ ಗದ್ದಲವಾಯಿತು. ಕಾರ್ಗಿಲ್ ಯೋಧನನ್ನೇ! ಮತ್ತೆ ಅದೇ ‘ಏ’. ಕೆಲವೇ ದಿನಗಳಲ್ಲಿ ಹೈಕೋರ್ಟು ಜಾಮೀನು ಕೊಟ್ಟಿತು, ಒಳ್ಳೆಯದೇ ಆಯಿತು. ಅದೇ ಕೇಂದ್ರದೊಳಗೆ ಉಳಿದವರಲ್ಲಿ ಕೂಲಿಗಳಿದ್ದರು, ಹೆಂಗಸರಿದ್ದರು, ಸಮವಸ್ತ್ರದ ಒಂದು ಫೋಟೊ ಕೂಡ ತೋರಿಸಲಾಗದವರಿದ್ದರು. ಅವರ ಬಗ್ಗೆ ಟಿವಿಯಲ್ಲಿ ಯಾರೂ ಗಂಟಲು ಹರಿದುಕೊಳ್ಳಲಿಲ್ಲ.

ಇಲ್ಲಿ ನನ್ನ ಗೆಳೆಯರೇ ಒಂದು ಮಾತು ಎತ್ತುತ್ತಾರೆ. ಸೈನಿಕನ ಕತೆ ಹೇಳುವುದು ಒಂದು ತಂತ್ರ, ಮೊದಲು ಅವನಿಗಾಗಿ ಬಾಗಿಲು ತೆರೆಸಿದರೆ ಹಿಂದಿನವರೂ ಒಳಗೆ ಬರುತ್ತಾರೆ, ಜನರ ಮನಸ್ಸು ಕರಗಬೇಕಲ್ಲ ಎಂದು. ಇದು ತೆಗೆದುಹಾಕುವ ಮಾತಲ್ಲ. ಇದೇ ತಂತ್ರವನ್ನು ಥಿಂಡ್ ವಿಷಯದಲ್ಲೇ ಮಾಡಿ ನೋಡಿದ್ದಾರೆ, ಫಲವೂ ದಾಖಲಾಗಿದೆ.

1923ರ ತೀರ್ಪಿನ ನಂತರ, ಆಗಲೇ ಪೌರತ್ವ ಪಡೆದಿದ್ದ ಕನಿಷ್ಠ 50 ಭಾರತೀಯರಿಂದ ಅದನ್ನು ವಾಪಸು ಕಿತ್ತುಕೊಳ್ಳುವ ಕೆಲಸ ನಡೆಯಿತು. ಪೌರರಾಗಲು ಅರ್ಹರಲ್ಲದವರು ಜಮೀನು ಹೊಂದುವಂತಿಲ್ಲ ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿತ್ತು. ಪೌರತ್ವದ ಜೊತೆ ನೆಲವೂ ಹೋಯಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿ ಇಟ್ಟುಕೊಂಡಿದ್ದ ವೈಷ್ಣೋದಾಸ್ ಬಗಾಯ್ 1921ರಲ್ಲಿ ಪೌರನಾಗಿದ್ದ. ಹೆಂಡತಿ, ಮಕ್ಕಳೊಂದಿಗೆ ಬಂದು ನೆಲೆಸಿದವನು. ಪೌರತ್ವ ಹೋಯಿತು, ಅಂಗಡಿ ಹೋಯಿತು, ಅಮೆರಿಕದ ಪಾಸ್‌ಪೋರ್ಟಿನಲ್ಲಿ ಭಾರತಕ್ಕೆ ಬಂದುಹೋಗುವುದೂ ಸಾಧ್ಯವಾಗಲಿಲ್ಲ. 1928ರಲ್ಲಿ, ತನ್ನ ಸಾವಿಗೆ ಕಾರಣವೇನೆಂದು ಪತ್ರಿಕೆಗೆ ಕಾಗದ ಬರೆದಿಟ್ಟು, ಪ್ರಾಣ ಕಳೆದುಕೊಂಡ. ಬಗಾಯ್ ಸೈನಿಕನಾಗಿರಲಿಲ್ಲ. ನಮ್ಮ ಸಂಕಿರಣಗಳಲ್ಲಿ ಅವನ ಹೆಸರು ಕೇಳಿಬಂದದ್ದು ನನಗೆ ನೆನಪಿಲ್ಲ.

1935ರ ಜೂನ್‌ನಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಏಷ್ಯಾದವರಿಗೆ ಪೌರತ್ವ ಸಿಗಬಹುದು ಎಂದು. ಮಾಜಿ ಸೈನಿಕರ ಸಂಘಟನೆಗಳು ಬೆಂಬಲಿಸಿದವು. ‘ಸೈನಿಕನನ್ನೇ ಬಿಡಲಿಲ್ಲವಲ್ಲ’ ಎಂಬ ವಾದ ಕೊನೆಗೂ ಗೆದ್ದಿತು. 1936ರಲ್ಲಿ ಥಿಂಡ್ ಮೂರನೆಯ ಸಲ, ಈ ಸಲ ಶಾಶ್ವತವಾಗಿ, ಪೌರನಾದ. ಬಾಗಿಲು ಆ ಸೈನಿಕರ ಅಳತೆಗೆ ಸರಿಯಾಗಿ ತೆರೆದು, ಅವರು ಒಳಗೆ ಹೋದ ಮೇಲೆ ಮುಚ್ಚಿಕೊಂಡಿತು. ಬಣ್ಣ ನೋಡಿ ಪೌರತ್ವ ಕೊಡುವ ಕಾನೂನು ಹಾಗೆಯೇ ಉಳಿಯಿತು. ಭಾರತೀಯರೆಲ್ಲರಿಗೂ ಪೌರತ್ವದ ಹಕ್ಕು ಬಂದದ್ದು 1946ರಲ್ಲಿ, ಅದೂ ವರ್ಷಕ್ಕೆ ನೂರು ಜನ ಮಾತ್ರ ವಲಸೆ ಬರಬಹುದೆಂಬ ಮಿತಿಯ ಜೊತೆಗೆ. ಟೋರ್ನಿ ಒಬ್ಬನಿಗಾಗಿ ಸಂಸತ್ತು ಕಾಯ್ದೆ ಮಾಡಿದ 1953ರಲ್ಲೂ ಇಡೀ ಭಾರತದ ಪಾಲು ಆ ನೂರೇ ಆಗಿತ್ತು. ಅದನ್ನು ತೆಗೆದುಹಾಕಿದ ಕಾನೂನಿಗೆ ಸಹಿ ಬಿದ್ದದ್ದು 1965ರ ಅಕ್ಟೋಬರ್ 3ರಂದು, ಟೋರ್ನಿಯ ಹೆಲಿಕಾಪ್ಟರ್ ಬೀಳುವ ಹದಿನೈದು ದಿನ ಮೊದಲು. ಇವತ್ತು ಅಮೆರಿಕದಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಕನ್ನಡದ ಡಾಕ್ಟರು, ಎಂಜಿನಿಯರುಗಳ ಸಂಸಾರಗಳಿಗೆ ದಾರಿಯಾದದ್ದು ಆ ಕಾನೂನು. ಅದು ಯಾರ ಸಮವಸ್ತ್ರವನ್ನೂ ಕೇಳಲಿಲ್ಲ.

ಬ್ರೂಕ್ಲಿನ್‌ನಲ್ಲಿ ಟೋರ್ನಿ ಬಡಗಿ ಕೆಲಸ ಮಾಡಿದ, ಕಸ ಗುಡಿಸಿದ ಮೂರು ವರ್ಷವನ್ನು ನೆನಪಿಡಿ ಎಂದಿದ್ದೆ. ಆ ಮೂರು ವರ್ಷಕ್ಕಾಗಿ ಅವನಿಗೆ ಯಾವ ದೇಶವೂ ಏನೂ ಕೊಡುತ್ತಿರಲಿಲ್ಲ. ಆರೆಗನ್‌ನಲ್ಲಿ ಥಿಂಡ್ ಜೊತೆ ನಿಂತು ಮರ ಕೊಯ್ದು, ಅದೇ ಕೊಠಡಿಗಳಲ್ಲಿ ಮಲಗಿ, 1918ರಲ್ಲಿ ಸೇನೆಗೆ ಹೋಗದೆ ಮಿಲ್ಲಿನಲ್ಲೇ ಉಳಿದವರೂ ಇದ್ದರು. ಅವನ ವಾದ ಗೆದ್ದ ವರ್ಷ ಅವರಿಗೆ ಸಿಕ್ಕಿದ್ದೇನೂ ಇಲ್ಲ. ಅವರು ಇನ್ನೂ 11 ವರ್ಷ ಕಾಯಬೇಕಿತ್ತು, ಅಷ್ಟು ದಿನ ಬದುಕಿದ್ದರೆ.